ಗುಡ್ಡೆಯ ಕಾಲು, ಹಿಮದ ಇಳಿಜಾರು: ಗುಲ್ಮಾರ್ಗ್‌ನ ಒಂದು ಪ್ರಕರಣ

ಹಿನ್ನೆಲೆ

ಫೆಬ್ರವರಿ ತಿಂಗಳು. ಅಡಿಕೆಯ ಎರಡನೇ ಕೊಯ್ಲು ಮುಗಿದು ಮೂರನೆಯದಕ್ಕೆ ಇನ್ನೂ ಸಮಯವಿದ್ದ ಹೊತ್ತು. ಕಾಸರಗೋಡು ಜಿಲ್ಲೆಯ ಬಡಗು ಭಾಗದ ನಾಲ್ವರು ಮಂಗಳೂರಿನಿಂದ ವಿಮಾನ ಹತ್ತಿ ದೆಹಲಿಯಾಗಿ ಶ್ರೀನಗರಕ್ಕೆ, ಅಲ್ಲಿಂದ ಸುಮಾರು 50 ಕಿ.ಮೀ. ದೂರದ ಗುಲ್ಮಾರ್ಗ್‌ಗೆ ಹೋದರು. ಟಂಗ್‌ಮಾರ್ಗ್‌ವರೆಗೆ ಟ್ಯಾಕ್ಸಿ, ಅಲ್ಲಿಂದ ಮೇಲಿನ 13 ಕಿ.ಮೀ. ಚಕ್ರಕ್ಕೆ ಸರಪಳಿ ಬಿಗಿದ ಜೀಪು. ಉದ್ದೇಶ ಒಂದು ವಾರ ಸ್ಕೀಯಿಂಗ್ ಕಲಿಯುವುದು. ಗುರುತು ಸಿಗಬಾರದೆಂದು ಊರಿನ ಹೆಸರು ಬಿಟ್ಟು, ಕೆಲವು ವಿವರ ಬದಲಿಸಲಾಗಿದೆ. ನಾಲ್ವರನ್ನು ಅವರವರೊಳಗೆ ಕರೆದುಕೊಳ್ಳುತ್ತಿದ್ದ ಹಾಗೆಯೇ ಇಲ್ಲಿ ಕರೆದಿದೆ. ಅದರಲ್ಲಿ ಇಬ್ಬರು ಒಬ್ಬರಿಗೊಬ್ಬರು ‘ಭಾವ’ನೇ ಆದ್ದರಿಂದ ಓದುವವರ ಅನುಕೂಲಕ್ಕೆ ದೊಡ್ಡ ಭಾವ, ಸಣ್ಣ ಭಾವ ಎಂದಿಟ್ಟುಕೊಂಡಿದೆ.

ದೊಡ್ಡ ಭಾವನಿಗೆ 38 ವರ್ಷ, ಅಡಿಕೆ ಮತ್ತು ರಬ್ಬರ್ ತೋಟ. ಮದ್ದು ಬಿಡುವ ಕಾಲಕ್ಕೆ ಜನ ಸಿಗದಿದ್ದರೆ ತಾನೇ ತಳೆ ಹಾಕಿ ಮರ ಏರುವವರು. ಪಾಚಿ ಕಟ್ಟಿದ ಮುರಕಲ್ಲಿನ ಗುಡ್ಡೆಯನ್ನು ಮಳೆಗಾಲದಲ್ಲಿ ತಲೆಹೊರೆಯೊಂದಿಗೆ ಇಳಿದು ಅಭ್ಯಾಸ. ಹಿಮ ಕಂಡದ್ದು ಇದೇ ಮೊದಲು. ಸಣ್ಣ ಭಾವನಿಗೆ 31, ಬೆಂಗಳೂರಿನಲ್ಲಿ ಇಂಜಿನಿಯರ್. ಎರಡು ವರ್ಷದ ಹಿಂದೆ ಉತ್ತರಾಖಂಡದ ಔಲಿಯಲ್ಲಿ ಸ್ಕೀಯಿಂಗ್‌ನ ಪ್ರಾಥಮಿಕ ತರಬೇತಿ ಮುಗಿಸಿದ್ದರು. ಮೇಷ್ಟ್ರು ಪದವಿಪೂರ್ವ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುವವರು. ಅವರ ಹೆಂಡತಿ, ಎಲ್ಲರಿಗೂ ಅಕ್ಕ, ಫಿಸಿಯೊಥೆರಪಿಸ್ಟ್. ಪ್ರತಿ ಸಂಜೆ ಮೇಷ್ಟ್ರು ಬರೆದಿಟ್ಟ ಟಿಪ್ಪಣಿ ಇಲ್ಲದಿದ್ದರೆ ಈ ಪ್ರಕರಣವನ್ನು ಇಷ್ಟು ವಿವರವಾಗಿ ಬರೆಯಲು ಆಗುತ್ತಿರಲಿಲ್ಲ.

ಜಾಗದ ಸ್ವರೂಪ ಗೊತ್ತಿದ್ದರೆ ಮುಂದಿನದು ಅರ್ಥವಾಗುತ್ತದೆ. ಗುಲ್ಮಾರ್ಗ್‌ನ ಹುಲ್ಲುಗಾವಲಿನ ಬಟ್ಟಲು ಸುಮಾರು 2,650 ಮೀಟರ್ ಎತ್ತರದಲ್ಲಿದೆ. ಹೊಸಬರು ಕಲಿಯುವ ಸೌಮ್ಯ ಇಳಿಜಾರುಗಳು, ಎಳೆದೊಯ್ಯುವ ಲಿಫ್ಟುಗಳು ಇರುವುದು ಅಲ್ಲೇ. 1998ರಲ್ಲಿ ಆರಂಭವಾದ ಗೊಂಡೋಲಾದ (ತಂತಿಯಲ್ಲಿ ತೂಗುತ್ತ ಸಾಗುವ ಕೇಬಲ್ ಕಾರಿನ) ಮೊದಲ ಹಂತ ಸುಮಾರು 3,050 ಮೀಟರ್‌ನ ಕೊಂಗ್ಡೂರಿಗೆ ಒಯ್ಯುತ್ತದೆ. 2005ರ ಎರಡನೇ ಹಂತ ಅಫರ್ವಾಟ್ ಶಿಖರದ ಹೆಗಲಿಗೆ, ಸುಮಾರು 3,950 ಮೀಟರ್‌ಗೆ. ಇವೆರಡರ ನಡುವೆ ಕೊಂಗ್ಡೂರಿಯಿಂದ ಮೇಲಕ್ಕೆ ಒಂದು ಕುರ್ಚಿ ಲಿಫ್ಟೂ ಇದೆ. ಮೇಲೆ ಹೋದಷ್ಟೂ ಯಂತ್ರ ಓಡಿಸಿ ಹದಮಾಡಿದ ಹಿಮ ಕಡಿಮೆ, ಬಿದ್ದ ಹಾಗೇ ಬಿಟ್ಟ ಹಿಮ ಜಾಸ್ತಿ.

ತೊಡಕು ಎಲ್ಲಿ ಶುರುವಾಯಿತು

ಮೊದಲ ಮೂರು ದಿನ ಬಟ್ಟಲಿನಲ್ಲಿ ಪಾಠ. ಸ್ಥಳೀಯ ತರಬೇತುದಾರರು ಬೆಳಗ್ಗೆ ಹತ್ತರಿಂದ ಮಧ್ಯಾಹ್ನ ಎರಡರವರೆಗೆ ಜೊತೆಗಿರುತ್ತಿದ್ದರು. ದೊಡ್ಡ ಭಾವ ಎಲ್ಲರಿಗಿಂತ ಬೇಗ ಕಲಿತರು. ಸ್ಕೀಗಳ ಮೂತಿ ಕೂಡಿಸಿ ಹಿಂಬದಿ ಅಗಲಿಸುವ ಸ್ನೋಪ್ಲೌ ಮೊದಲ ದಿನವೇ ಬಂತು. ಮೂರನೇ ದಿನ ಎರಡೂ ಕಡೆ ತಿರುಗಿ ನಿಲ್ಲುತ್ತಿದ್ದರು. ಬಿದ್ದರೆ ಯಾರ ಕೈಯನ್ನೂ ಹಿಡಿಯದೆ ಎದ್ದರು. ತೋಟದ ಕೆಲಸದಲ್ಲಿ ಹುರಿಗೊಂಡ ತೊಡೆ, ಗಟ್ಟಿ ಉಸಿರು. ಅವರಿಗೂ ಉಳಿದವರಿಗೂ ಇದರಿಂದ ಒಂದು ತಪ್ಪು ಅಂದಾಜು ಹುಟ್ಟಿತು: ಕಾಲಲ್ಲಿ ಶಕ್ತಿ ಇದೆ, ಗುಡ್ಡೆ ಇಳಿದು ಗೊತ್ತಿದೆ, ಇನ್ನು ಕಡಿದಾದದ್ದು ನೋಡಬಹುದು.

ಗುಡ್ಡೆ ಇಳಿದ ಅಭ್ಯಾಸವೇ ಇಲ್ಲಿ ಅಡ್ಡ ಬರುವುದು. ಜಾರುವ ಮುರಕಲ್ಲಿನ ಬರೆ ಇಳಿಯುವಾಗ ನಾವು ಹಿಮ್ಮಡಿ ಊರಿ, ಸೊಂಟ ಹಿಂದಕ್ಕೆ ಹಾಕಿ, ಬೇಕಾದರೆ ಒಂದು ಕೈ ಬರೆಗೆ ತಾಗಿಸಿ ಇಳಿಯುತ್ತೇವೆ. ಜಾರಿದರೆ ಕುಂಡೆ ಊರಿದರಾಯಿತು, ಅಷ್ಟೇ. ಸ್ಕೀ ಹಾಕಿದವರು ಹಾಗೆ ಹಿಂದಕ್ಕೆ ವಾಲಿದರೆ ಸ್ಕೀಯ ಮುಂಭಾಗದ ಮೇಲಿನ ಭಾರ ತಪ್ಪುತ್ತದೆ. ಮುಂಭಾಗ ಹಿಮ ಕಚ್ಚದಿದ್ದರೆ ತಿರುಗಲು ಆಗುವುದಿಲ್ಲ. ಹಿಂಬಾಲ ಮಾತ್ರ ಕಚ್ಚಿ ಸ್ಕೀ ನೀರಿಳಿಯುವ ಗೆರೆಯಲ್ಲಿ ನೆಟ್ಟಗೆ ಓಡುತ್ತದೆ. ವೇಗ ಏರಿದ ಹಾಗೆ ಹೆದರಿಕೆ, ಹೆದರಿಕೆಗೆ ಇನ್ನಷ್ಟು ಹಿಂದಕ್ಕೆ. 10 ಡಿಗ್ರಿಯ ಇಳಿಜಾರಿನಲ್ಲಿ ಈ ತಪ್ಪು ಮುಚ್ಚಿಹೋಗುತ್ತದೆ, ಏಕೆಂದರೆ ಅಲ್ಲಿ ಹೇಗೆ ನಿಂತರೂ ಸ್ನೋಪ್ಲೌ ಹಿಡಿಯುತ್ತದೆ. 25 ಡಿಗ್ರಿ ದಾಟಿದ ಮೇಲೆ ಮುಚ್ಚುವುದಿಲ್ಲ. ಅಲ್ಲಿ ಮೊಣಕಾಲ ಕೆಳಗಿನ ಎಲುಬು ಬೂಟಿನ ಮುಂದಿನ ನಾಲಗೆಗೆ ಸದಾ ಒತ್ತಿರಬೇಕು, ಭುಜ ಕೆಳಗಿನ ಕಣಿವೆಯತ್ತ ತಿರುಗಿರಬೇಕು, ಎರಡೂ ಕೈ ಕಣ್ಣಿಗೆ ಕಾಣುವಷ್ಟು ಮುಂದಿರಬೇಕು. ಹುಟ್ಟಿದ ಲಾಗಾಯ್ತು ದೇಹ ಕಲಿತದ್ದಕ್ಕೆ ಇದು ತೀರಾ ಉಲ್ಟಾ. ಕರಾವಳಿ, ಮಲೆನಾಡಿನಿಂದ ಹೋಗುವ ಗಟ್ಟಿ ಆಳುಗಳು ಪೇಟೆಯವರಿಗಿಂತ ಬೇಗ ಕಲಿತು, ಕಡಿದು ಬಂದಲ್ಲಿ ಪೇಟೆಯವರಿಗಿಂತ ಜೋರಾಗಿ ಬೀಳುವುದಕ್ಕೆ ಇದೇ ಮುಖ್ಯ ಕಾರಣ.

ನಾಲ್ಕನೇ ದಿನ, ಎರಡು ದಿನದ ಗಾಳಿ ನಿಂತು ಎರಡನೇ ಹಂತದ ಗೊಂಡೋಲಾ ಮತ್ತೆ ತೆರೆಯಿತು. ಸಣ್ಣ ಭಾವನಿಗೆ ಅಲ್ಲಿಗೆ ಹೋಗಬೇಕೆಂದಿತ್ತು. ತರಬೇತುದಾರರು ಒಪ್ಪಲಿಲ್ಲ: ಹೊಸ ಹಿಮ ಬಿದ್ದು ದಿನ ಕಳೆದಿಲ್ಲ, ಜೊತೆಗೆ ಗಾಳಿ ಹಿಮವನ್ನು ಒಂದು ಬದಿಗೆ ಒಟ್ಟಿದೆ, ಮೇಲಿನ ಇಳಿಜಾರುಗಳು 30ರಿಂದ 45 ಡಿಗ್ರಿ. ಹಿಮಕುಸಿತಗಳಲ್ಲಿ ಹೆಚ್ಚಿನವು ಹುಟ್ಟುವುದು ಇದೇ ಅಳತೆಯ ಇಳಿಜಾರಿನಲ್ಲಿ. ಅಲ್ಲಿ ಸ್ಕೀ ಗಸ್ತಿನವರು ಸ್ಫೋಟಕ ಹಾಕಿ ಸಡಿಲ ಹಿಮ ಕೆಡವಿ ಕಾಯುವುದು ಅಫರ್ವಾಟ್ ಮೇಲಿನ ಮುಖ್ಯ ಬಟ್ಟಲನ್ನು ಮಾತ್ರ. ಅದರ ಗೆರೆ ದಾಟಿದ ಮೇಲೆ ಟ್ರಾನ್ಸೀವರ್ (ಹಿಮದಡಿ ಹೂತವರನ್ನು ಪತ್ತೆಹಚ್ಚುವ ರೇಡಿಯೊ ಸಾಧನ), ಸನಿಕೆ, ಹುಡುಕುಕೋಲು ಮತ್ತು ಅವನ್ನು ಬಳಸಲು ಬಲ್ಲ ಜೊತೆಗಾರ ಇಲ್ಲದೆ ಹೋಗುವಂತಿಲ್ಲ. ಈ ತಂಡದ ಬಳಿ ಯಾವುದೂ ಇರಲಿಲ್ಲ. ಇಡೀ ಪ್ರಕರಣದಲ್ಲಿ ವಾದವಿಲ್ಲದೆ ತೆಗೆದುಕೊಂಡ ಸರಿಯಾದ ತೀರ್ಮಾನ ಇದೊಂದೇ.

ಆದರೆ ಎರಡು ಗಂಟೆಗೆ ತರಬೇತುದಾರರು ಇಳಿದು ಹೋದರು. ಭಾವಂದಿರು ಕುರ್ಚಿ ಲಿಫ್ಟಿನ ಪಕ್ಕದ ಒಂದು ಕಡಿದಾದ ತುಂಡನ್ನು ಮೊದಲೇ ನೋಡಿಟ್ಟುಕೊಂಡಿದ್ದರು. ನೂರು ಮೀಟರ್‌ನಷ್ಟು ಉದ್ದ, ಕೆಳಗೆ ಅಗಲವಾದ ಸಮತಟ್ಟು.

“ಎಂತ ಭಾವ, ಅಡಿಕೆ ಮರ ಏರುವವನಿಗೆ ಇದೆಂತ ದೊಡ್ಡ ಸಂಗತಿಯಾ?”

ನಮ್ಮ ಕಡೆ ಭಾವಂದಿರ ನಡುವಿನ ತಮಾಷೆಗೆ ‘ಬೇಡ’ ಎಂಬ ಉತ್ತರ ಇಲ್ಲ.

ಮೊದಲ ಪ್ರಯತ್ನ

ಸಣ್ಣ ಭಾವ ಮೊದಲು ಇಳಿದು ಕೆಳಗೆ ನಿಂತು ಕರೆದರು. ದೊಡ್ಡ ಭಾವ ಇಳಿಜಾರಿಗೆ ಅಡ್ಡವಾಗಿ ಸ್ವಲ್ಪ ಸಾಗಿ ಮೊದಲ ತಿರುವಿಗೆ ಕೈಹಾಕಿದರು. ಸ್ಕೀಯ ಮೂತಿ ಕೆಳಮುಖವಾದ ಆ ಕ್ಷಣದಲ್ಲೇ ಸೊಂಟ ಹಿಂದಕ್ಕೆ ಹೋಯಿತು, ಒಳಗೈ ಬರೆಯತ್ತ ಚಾಚಿತು. ತಿರುವು ಮುಗಿಯಲಿಲ್ಲ. ಹದಿನೈದು ಮೀಟರ್ ನೆಟ್ಟಗೆ ಓಡಿ, ಬೆನ್ನ ಮೇಲೆ ಬಿದ್ದು, ತಲೆ ಕೆಳಗಾಗಿ ಸುಮಾರು ಮೂವತ್ತು ಮೀಟರ್ ಜಾರಿದರು. ಆಮೇಲೆ ಜಾರುವುದು ನಿಂತಿತು. ಗಾಯವೇನೂ ಆಗಲಿಲ್ಲ, ಕೊರಳಪಟ್ಟಿಯೊಳಗೆ ಹಿಮ ಹೊಕ್ಕಿತ್ತು, ಮೈ ನಡುಗುತ್ತಿತ್ತು, ನಗುವೂ ಬರುತ್ತಿತ್ತು.

ಮೇಷ್ಟ್ರು ಟಿಪ್ಪಣಿಯಲ್ಲಿ ಅಡಿಗೆರೆ ಎಳೆದದ್ದು ಬೇರೊಂದು ಸಂಗತಿಗೆ: ಅಷ್ಟು ಉರುಳಿದರೂ ಎರಡು ಸ್ಕೀಗಳಲ್ಲಿ ಒಂದೂ ಕಳಚಲಿಲ್ಲ.

ಆ ರಾತ್ರಿ ಹೋಟೆಲಿನ ಬುಖಾರಿಯ (ಕೋಣೆ ಬಿಸಿಮಾಡುವ ಒಲೆಯ) ಪಕ್ಕ ಬೂಟು, ಸ್ಕೀ ಎಲ್ಲ ಹರವಿಕೊಂಡು ಪರೀಕ್ಷೆ ನಡೆಯಿತು. ಮೊದಲು ಬೂಟು. ಒಳಗಿನ ಮೆತ್ತೆ ತೆಗೆದು, ಬರಿಯ ಚಿಪ್ಪಿನೊಳಗೆ ಕಾಲಿಟ್ಟು, ಬೆರಳು ಮುಂದಕ್ಕೆ ತಾಗಿಸಿ, ಹಿಮ್ಮಡಿಯ ಹಿಂದೆ ಎಷ್ಟು ಜಾಗ ಉಳಿಯುತ್ತದೆಂದು ನೋಡಬೇಕು. ಒಂದೂವರೆ ಬೆರಳು ಹಿಡಿಸಿದರೆ ಸರಿ, ಎರಡು ಹೊಸಬರಿಗೆ ನಡೆದೀತು. ದೊಡ್ಡ ಭಾವನ ಬೂಟಿನಲ್ಲಿ ಮೂರು ಬೆರಳು ಸಲೀಸಾಗಿ ಹೋದವು. ಪಾದದ ಉದ್ದ 27 ಸೆಂ.ಮೀ., ಕೊಟ್ಟ ಬೂಟು 28.5. ಸ್ಕೀ ಬೂಟಿನ ನಂಬರು ಎಂದರೆ ಪಾದದ ಉದ್ದ ಸೆಂಟಿಮೀಟರಿನಲ್ಲಿ, ಆದ್ದರಿಂದ ಅಳೆದು ಕೇಳುವುದು ಸುಲಭ. ಆದರೆ ವರ್ಷವಿಡೀ ಚಪ್ಪಲಿಯಲ್ಲೋ ಬರಿಗಾಲಲ್ಲೋ ಓಡಾಡಿದ ಪಾದ ಮುಂದೆ ಅಗಲವಾಗಿರುತ್ತದೆ. ಸರಿಯಾದ ನಂಬರಿನ ಬೂಟು ಅಂಗಡಿಯಲ್ಲಿ ಒತ್ತಿದ ಕೂಡಲೆ ಜನ ದೊಡ್ಡದು ಕೇಳುತ್ತಾರೆ. ಅದರ ಮೇಲೆ ಚಳಿಗೆಂದು ಎರಡು ಜೊತೆ ಉಣ್ಣೆ ಕಾಲುಚೀಲ. ಪಾದ ಒಳಗೆ ಜಾರುತ್ತಿದ್ದರೆ ಮೊಣಕಾಲು ಒತ್ತಿದ್ದು ಸ್ಕೀಗೆ ತಲುಪುವುದೇ ಇಲ್ಲ. ಕೇಳಬೇಕಾದದ್ದು ಮುಂಭಾಗ ಅಗಲವಿರುವ ಬೂಟು, ಉದ್ದದ ಬೂಟಲ್ಲ. ಕಾಲುಚೀಲ ಒಂದೇ, ತೆಳ್ಳಗಿನದು.

ಮುಂದೆ ಬೈಂಡಿಂಗ್. ಬೂಟನ್ನು ಸ್ಕೀಗೆ ಹಿಡಿದಿಡುವ, ಬಿದ್ದಾಗ ಕಳಚಬೇಕಾದ ಭಾಗ. ಅದರ ಮುಂದೆ, ಹಿಂದೆ ಒಂದೊಂದು ಪುಟ್ಟ ಕಿಟಕಿಯಲ್ಲಿ ಒಂದು ಅಂಕಿ ಕಾಣುತ್ತದೆ. ಅಂಕಿ ಏರಿದಷ್ಟೂ ಕಳಚುವುದಕ್ಕೆ ಹೆಚ್ಚು ಬಲ ಬೇಕು. ತೂಕ, ಎತ್ತರ, ವಯಸ್ಸು, ಬೂಟಿನ ಅಟ್ಟೆಯ ಉದ್ದ, ಸ್ಕೀ ಮಾಡುವ ರೀತಿ ಇಷ್ಟನ್ನು ಪಟ್ಟಿಯಲ್ಲಿ ನೋಡಿ ಅಂಗಡಿಯ ತಂತ್ರಜ್ಞ ಈ ಅಂಕಿ ಇಡಬೇಕು. ಬಾಡಿಗೆಗೆ ಕೊಡುವಾಗ ಇವರ ತೂಕವನ್ನು ಯಾರೂ ಕೇಳಿರಲಿಲ್ಲ. ಅಂಕಿ 8ರಲ್ಲಿ ನಿಂತಿತ್ತು, ಪ್ರಾಯಶಃ ಮುಂಚೆ ಒಯ್ದ ಯಾರೋ ಭಾರದ, ಪಳಗಿದ ಗಿರಾಕಿಗೆ ಇಟ್ಟದ್ದು. ಹೊಸಬರೊಬ್ಬರ ಕಾಲಿಗೆ ಅದು ವಿಪರೀತ. ಮರುದಿನ ಬೆಳಗ್ಗೆ ಅಂಗಡಿಯಲ್ಲಿ ತೂಕ ಹೇಳಿ, ಅಂಕಿ ಇಳಿಸಿ, ಬೂಟು ಬದಲಿಸಿದ ಮೇಲೆ ಕೈಯಿಂದಲೇ ತಿರುಚಿ ಕಳಚಿ ನೋಡಿಕೊಂಡರು. ಇಷ್ಟಾದರೂ ಒಂದು ಮಾತು ನೆನಪಿರಲಿ: ಈ ವ್ಯವಸ್ಥೆ ಮುಖ್ಯವಾಗಿ ಮೊಣಕಾಲ ಕೆಳಗಿನ ಎಲುಬು ಮುರಿಯದಂತೆ ರೂಪುಗೊಂಡದ್ದು. ಅಂಕಿ ಸರಿ ಇದ್ದರೂ ಮೊಣಕಾಲಿನ ಒಳಗಿನ ಅಸ್ಥಿರಜ್ಜು ಉಳಿಯುತ್ತದೆಂಬ ಖಾತ್ರಿ ಇಲ್ಲ.

ಎರಡನೇ ಪ್ರಯತ್ನ: ಮೆಟ್ಟಿಲು ಮೆಟ್ಟಿಲಾಗಿ

ನಡೆದದ್ದನ್ನು ಕೇಳಿ ತರಬೇತುದಾರರು ಬೈಯಲಿಲ್ಲ. ಮಿತಿ ನೋಡಬೇಕೆಂದರೆ ನೋಡೋಣ, ಆದರೆ ನಾನು ಹೇಳಿದ ಕ್ರಮದಲ್ಲಿ ಎಂದರು. ಐದನೇ ದಿನ ಪೂರ್ತಿ ಬಟ್ಟಲಿನಲ್ಲಿ ಸೈಡ್‌ಸ್ಲಿಪ್ ಒಂದನ್ನೇ ಮಾಡಿಸಿದರು: ಸ್ಕೀಗಳನ್ನು ಇಳಿಜಾರಿಗೆ ಅಡ್ಡ ಹಿಡಿದು, ಅಂಚು ಸ್ವಲ್ಪ ಸಡಿಲಿಸಿ ಪಕ್ಕಕ್ಕೆ ಜಾರುವುದು, ಅಂಚು ಒತ್ತಿ ನಿಲ್ಲುವುದು. ಬೇಸರದ ಕೆಲಸ. ಆದರೆ ಕಡಿದಾದ ಜಾಗದಲ್ಲಿ ಸಿಕ್ಕಿಬಿದ್ದವರನ್ನು ಕೆಳಗೆ ತಲುಪಿಸುವುದು ಇದೇ. ಇದು ಬಾರದವರು 25 ಡಿಗ್ರಿಯ ಮೇಲೆ ಹೋಗಲೇಬಾರದು.

ಆರನೇ ದಿನ ಬೆಳಗ್ಗೆ ಹತ್ತೂವರೆ, ಅದೇ ಜಾಗ. ಬೇಗ ಹೋದರೆ ರಾತ್ರಿಯ ಗಡುಸು ಬಿಟ್ಟಿರುವುದಿಲ್ಲ, ತಡವಾದರೆ ಹಿಮ ನೀರಾಗುತ್ತದೆ. ಹಾಗಾಗಿ ಆ ಹೊತ್ತು. ಮೊದಲು ಕೆಳಗೆ ನಿಂತು ನೋಡಿದರು. ಬಿದ್ದರೆ ಎಲ್ಲಿಗೆ ಹೋಗಿ ನಿಲ್ಲುತ್ತೇವೆ? ಬಂಡೆ, ಮರ, ಲಿಫ್ಟಿನ ಕಂಬ ದಾರಿಯಲ್ಲಿ ಉಂಟೇ? ಈ ಇಳಿಜಾರಿನ ಮೇಲೆ ಇನ್ನೂ ಕಡಿದಾದದ್ದು ಇದೆಯೇ? ತಾನು ನಿಂತದ್ದು 30 ಡಿಗ್ರಿಗಿಂತ ಕಡಿಮೆ ಎಂದು ನೆಮ್ಮದಿಪಟ್ಟುಕೊಂಡವರ ಮೇಲೆ ಮೇಲಿನಿಂದ ಹಿಮ ಬಂದು ಕವಿದ ಉದಾಹರಣೆಗಳಿವೆ.

ಆಮೇಲೆ ಅಳತೆ. ಒಂದೇ ಉದ್ದದ ಎರಡು ಸ್ಕೀ ಕೋಲು ಸಾಕು. ಒಂದನ್ನು ಲಂಬವಾಗಿ ನಿಲ್ಲಿಸಿ. ಅದರ ಸರೀ ಅರ್ಧಕ್ಕೆ ಇನ್ನೊಂದರ ಬುಡ ತಾಗಿಸಿ, ಮೇಲಿನ ಬರೆಯತ್ತ ಮಟ್ಟಸವಾಗಿ ಚಾಚಿ. ತುದಿ ಹಿಮಕ್ಕೆ ಆಗಷ್ಟೇ ತಾಗಿದರೆ ಇಳಿಜಾರು ಸುಮಾರು 27 ಡಿಗ್ರಿ. ಅಷ್ಟುದ್ದ ಚಾಚುವ ಮೊದಲೇ ತಾಗಿದರೆ ಅದಕ್ಕಿಂತ ಕಡಿದು. ಇಲ್ಲಿ ತುದಿಯಿಂದ ಒಂದು ಗೇಣಿನಷ್ಟು ಒಳಗೇ ಹಿಮ ಸಿಕ್ಕಿತು. 30ರ ಆಸುಪಾಸು ಎಂದು ಮೇಷ್ಟ್ರು ಲೆಕ್ಕ ಹಾಕಿದರು, ಅಂದರೆ ನಮ್ಮ ಹಂಚಿನ ಮಾಡಿನಷ್ಟು. ಯುರೋಪಿನಲ್ಲಿ ಪಳಗಿದವರಿಗೆಂದು ಕಪ್ಪು ಗುರುತು ಹಾಕುವ ಇಳಿಜಾರು ಶುರುವಾಗುವುದು ಶೇ 40ಕ್ಕೆ, ಡಿಗ್ರಿಯಲ್ಲಿ ಸುಮಾರು 22. ನಾಲ್ಕು ದಿನದ ಕಲಿಕೆಯಲ್ಲಿ ದೊಡ್ಡ ಭಾವ ಕೈಹಾಕಿದ್ದು ಎಂಥದ್ದಕ್ಕೆ ಎಂದು ತಂಡಕ್ಕೆ ಗೊತ್ತಾದದ್ದು ಆಗಲೇ. ದಿಟ್ಟಿಸಿ ನೋಡಿ ಹೇಳುವ ಡಿಗ್ರಿಯನ್ನು ನಂಬುವಂತಿಲ್ಲ. ಕೆಳಗಿನಿಂದ ನೋಡಿದರೆ ಕಡಿಮೆ, ಮೇಲಿನಿಂದ ನೋಡಿದರೆ ಗೋಡೆ.

ತರಬೇತುದಾರರ ಕ್ರಮ ಹೀಗಿತ್ತು. ತುದಿಗೆ ಹೋಗದೆ, ಕೆಳಗಿನ ಮೂರನೇ ಒಂದು ಭಾಗದಿಂದ ಆರಂಭ. ಎಡಗಾಲು ಕೆಳಗಿರುವಂತೆ ಹತ್ತು ಮೀಟರ್ ಸೈಡ್‌ಸ್ಲಿಪ್, ಆಮೇಲೆ ಬಲಗಾಲು ಕೆಳಗಿರುವಂತೆ. ನಂತರ ಅದನ್ನೇ ಹಿಂದೆ ಮುಂದೆ ಓಲಾಡಿಸುತ್ತ ಇಳಿಯುವುದು. ಮೂರನೆಯದು ಅಡ್ಡ ಸಾಗಿ, ತಾನೇ ಮೊದಲು ಹೇಳಿದ ಗುರುತಿನಲ್ಲಿ ನಿಲ್ಲುವುದು. ಗುರುತಿನಿಂದ ಎರಡು ಸ್ಕೀ ಉದ್ದದೊಳಗೆ ನಿಂತರೆ ಪಾಸು. ನಾಲ್ಕನೆಯದು ಬರೆಯತ್ತ ಏರಿ ನಿಲ್ಲುವ ಅರ್ಧ ತಿರುವು. ಐದನೆಯದು ಒಂದೇ ಒಂದು ಪೂರ್ತಿ ತಿರುವು, ನಿಲುಗಡೆ, ಉಸಿರು. ಆರನೆಯದು ಮೂರು ತಿರುವು ಜೋಡಿಸುವುದು. ಯಾವ ಮೆಟ್ಟಿಲಿನಲ್ಲಾದರೂ ಒಂದು ಕಡೆ ಎರಡು ಸಲ ತಪ್ಪಿದರೆ ಆ ದಿನಕ್ಕೆ ಅಲ್ಲಿಗೇ ಮುಗಿಯಿತು. ಇನ್ನೊಂದು ಕಡೆ ಎಷ್ಟು ಚೆನ್ನಾಗಿ ಬಂದರೂ ಲೆಕ್ಕವಿಲ್ಲ.

ಇಡೀ ಪ್ರಕರಣದ ತಿರುಳು ಈ ಕೊನೆಯ ಷರತ್ತು. ಸಾಮಾನ್ಯವಾಗಿ ಜನ ಮಿತಿ ನೋಡುವುದೆಂದರೆ ಎಷ್ಟು ಕಡಿದಾದದ್ದನ್ನು ಇಳಿದು ಬಂದೆವು ಎಂದು ನೋಡುವುದು. ಬಿದ್ದು ಉರುಳಿ ಬಂದರೂ ಇಳಿದಂತೆಯೇ, ಅದರಿಂದ ಏನೂ ತಿಳಿಯುವುದಿಲ್ಲ. ಬೇಕೆಂದಲ್ಲಿ ನಿಲ್ಲಲು ಆಗುತ್ತದೆಯೇ, ಅದೂ ಬಾರದ ಬದಿಯಲ್ಲಿ, ಎಂದು ಕೇಳಿದರೆ ಉತ್ತರ ಹಿಮದ ಮೇಲೆ ಗೆರೆಯಾಗಿ ಕಾಣುತ್ತದೆ.

ಮೊದಲ ನಾಲ್ಕು ಮೆಟ್ಟಿಲು ದೊಡ್ಡ ಭಾವ ದಾಟಿದರು. ಬೂಟು ಬದಲಾದ ಮೇಲೆ ಸ್ಕೀ ಹೇಳಿದ ಮಾತು ಕೇಳುತ್ತಿತ್ತು. ಐದರಲ್ಲಿ ಎಡಕ್ಕೆ ತಿರುಗುವುದು ಎರಡು ಸಲವೂ ನೀಟಾಗಿ ಬಂತು. ಬಲಕ್ಕೆ ತಿರುಗುವಾಗ, ಅಂದರೆ ಎಡಗಾಲು ಹೊರಗಿನ ಕಾಲಾಗಿ ಭಾರ ಹೊರಬೇಕಾದಾಗ, ಎರಡು ಸಲವೂ ಸೊಂಟ ಹಿಂದೆ ಸರಿದು ನಾಲ್ಕೈದು ಸ್ಕೀ ಉದ್ದ ಹೆಚ್ಚು ಓಡಿದರು. ಅಕ್ಕ ಕೆಳಗಿನಿಂದ ಮೊಬೈಲಿನಲ್ಲಿ ಹಿಡಿದ ವಿಡಿಯೊದಲ್ಲಿ ಸ್ಪಷ್ಟವಾಗಿತ್ತು: ಎಡ ಮೊಣಕಾಲು ಮಡಚುವ ಬದಲು ನೆಟ್ಟಗಾಗುತ್ತಿದೆ. ಹಳೆಯದೊಂದು ಹಿಮ್ಮಡಿ ಉಳುಕು ಇತ್ತು ಎಂಬ ಮಾತು ಆಗ ಹೊರಬಂತು.

ತರಬೇತುದಾರರು ಸಾಕು ಎಂದರು. ದೊಡ್ಡ ಭಾವನಿಗೆ ಸಿಟ್ಟು ಬಂತು. ಇಷ್ಟು ಖರ್ಚು ಮಾಡಿ ಬಂದದ್ದು, ನಾಳೆ ಹೊರಡುವುದು, ಬಿದ್ದೂ ಇಲ್ಲ, ಮತ್ತೆ ಯಾಕೆ ನಿಲ್ಲಿಸುವುದು? ಬೀಳದೆ ಇರುವಾಗ ನಿಲ್ಲಿಸುವುದು ಎಲ್ಲಕ್ಕಿಂತ ಕಷ್ಟದ ತೀರ್ಮಾನ, ತಪ್ಪಿತ್ತೆಂದು ತೋರಿಸಲು ಯಾವ ಗಾಯವೂ ಇರುವುದಿಲ್ಲ. ಕೊನೆಗೆ ಮೇಷ್ಟ್ರು ಹಿಮದ ಮೇಲಿನ ಎರಡು ಗೆರೆ ತೋರಿಸಿದರು, ಒಂದು ಮೋಟು, ಒಂದು ಉದ್ದ. ಅದಕ್ಕೆ ಅವರಲ್ಲಿ ಉತ್ತರವಿರಲಿಲ್ಲ. ಸೈಡ್‌ಸ್ಲಿಪ್ ಮಾಡಿ ಸಮತಟ್ಟಿಗೆ ಇಳಿದು, ಕೊಂಗ್ಡೂರಿಯಿಂದ ಗೊಂಡೋಲಾ ಹಿಡಿದು ಕೆಳಗೆ ಬಂದರು.

ಯಾರೂ ಎದುರು ನೋಡದ ತಿರುವು

ಗಾಯವಾದದ್ದು ಸಣ್ಣ ಭಾವನಿಗೆ.

ಆರು ದಿನ ಎಲ್ಲರ ಕಣ್ಣು ದೊಡ್ಡ ಭಾವನ ಮೇಲಿತ್ತು. ಸಣ್ಣ ಭಾವ ಔಲಿಯಲ್ಲಿ ಕಲಿತವರು, ಮುಂದೆ ಹೋಗಿ ದಾರಿ ತೋರಿಸುವವರು. ಅವರ ಬೂಟು, ಬೈಂಡಿಂಗ್, ಎಡಬಲ ಯಾವುದನ್ನೂ ಯಾರೂ ಪರೀಕ್ಷಿಸಲಿಲ್ಲ. ಆರನೇ ದಿನದ ಬೆಳಗ್ಗೆ ಅದೇ ಇಳಿಜಾರನ್ನು ಅವರು ನಾಲ್ಕು ಸಲ ಇಳಿದಿದ್ದರು, ಚೆನ್ನಾಗಿಯೇ. ಮಧ್ಯಾಹ್ನ ಮೂರೂ ಮುಕ್ಕಾಲಿಗೆ, ಲಿಫ್ಟು ನಿಲ್ಲುವ ಮೊದಲು ಇನ್ನೊಂದು ಸಲ ಎಂದು ಹೊರಟರು. ಅಕ್ಕ ಸಮತಟ್ಟಿನಲ್ಲಿ ಕಾಯುತ್ತಿದ್ದರು.

ಅಷ್ಟರಲ್ಲಿ ಹಿಮ ಬೇರೆಯಾಗಿತ್ತು. ನಡುಹಗಲಿನ ಬಿಸಿಲಿಗೆ ಮೇಲ್ಪದರ ಒದ್ದೆಯಾಗಿ, ನೆರಳು ಬಿದ್ದೊಡನೆ ಹೆಪ್ಪುಗಟ್ಟಿತ್ತು. ಮೇಲೆ ಬೆರಳು ದಪ್ಪದ ಗಟ್ಟಿ ಪದರ, ಅಡಿಯಲ್ಲಿ ಇನ್ನೂ ಮೆತ್ತಗಿನ ಹಿಮ. ಇಂಥದ್ದರ ಮೇಲೆ ಸ್ಕೀ ಒಮ್ಮೆ ತೇಲುತ್ತದೆ, ಒಮ್ಮೆ ಪದರ ಒಡೆದು ಒಳಗೆ ಸಿಕ್ಕಿಕೊಳ್ಳುತ್ತದೆ. ಮೋಡದ ಬೆಳಕಿಗೆ ನೆರಳೇ ಇಲ್ಲದ್ದರಿಂದ ಏರುತಗ್ಗು ಕಾಣುತ್ತಿರಲಿಲ್ಲ. ಎರಡನೇ ತಿರುವಿನಲ್ಲಿ ವೇಗ ಹೆಚ್ಚಾಗಿ ಅವರು ಗೊತ್ತಿದ್ದ ಹಳೆಯ ಉಪಾಯಕ್ಕೆ ಮರಳಿದರು, ಸ್ನೋಪ್ಲೌ. ಬಲ ಸ್ಕೀಯ ಒಳ ಅಂಚು ಪದರ ಒಡೆದು ಹುಗಿಯಿತು, ದೇಹ ಮುಂದೆ ಹೋಯಿತು, ಮೊಣಕಾಲು ಒಳಮುಖವಾಗಿ ಮಡಚಿತು. ಬಿದ್ದದ್ದು ನಿಧಾನಕ್ಕೆ. ನಿಧಾನದ ತಿರುಚಿಗೆ ಬೈಂಡಿಂಗ್ ಕಳಚಲಿಲ್ಲ.

ಅವರು ಮಾಡಹೊರಟ ಮೊದಲ ಕೆಲಸ ಎದ್ದು ಸ್ಕೀ ಮಾಡಿಕೊಂಡೇ ಇಳಿಯುವುದು. ಏನೂ ಇಲ್ಲ ಅಕ್ಕ, ಹೋಗ್ಲಿಕ್ಕೆ ಆಗ್ತದೆ ಎಂದರು. ಅಕ್ಕ ಬಿಡಲಿಲ್ಲ. ಇಬ್ಬರ ಸ್ಕೀ ಬಿಚ್ಚಿ, ಎರಡನ್ನು ಗಾಯಾಳುವಿನಿಂದ ಸ್ವಲ್ಪ ಮೇಲೆ ಕತ್ತರಿಯಾಕಾರದಲ್ಲಿ ಊರಿದರು. ಇಲ್ಲಿ ಒಬ್ಬರು ಬಿದ್ದಿದ್ದಾರೆ ಎಂದು ಮೇಲಿನಿಂದ ಬರುವವರಿಗೆ ಅದು ಎಲ್ಲೆಡೆ ಗೊತ್ತಿರುವ ಗುರುತು. ಬೂಟು ಬಿಚ್ಚಲಿಲ್ಲ, ಕೊಕ್ಕೆ ಸಡಿಲಿಸಿ, ಹೆಬ್ಬೆರಳು ಆಡಿಸಲು, ಮುಟ್ಟಿದ್ದು ಗೊತ್ತಾಗುತ್ತದೆಯೇ ಎಂದು ಹೇಳಲು ಕೇಳಿದರು. ಪಾದ ಮರಗಟ್ಟಿದರೆ, ಬೆಳ್ಳಗಾಗಿ ತಣ್ಣಗಾದರೆ ರಕ್ತನಾಳಕ್ಕೋ ನರಕ್ಕೋ ಪೆಟ್ಟು, ಅದು ಬೇರೆಯೇ ತುರ್ತು. ಇಲ್ಲಿ ಹಾಗಿರಲಿಲ್ಲ. ಬೆನ್ನುಚೀಲದಲ್ಲಿದ್ದ ಜಾಕೆಟನ್ನು ಮೊಣಕಾಲ ಸುತ್ತ ಮಡಚಿ, ಹೇಗಿತ್ತೋ ಹಾಗೇ ಕಟ್ಟಿ, ಕುಂಡೆಯಡಿಗೆ ಚೀಲ ಹಾಕಿ ಕೂರಿಸಿದರು. ಹಿಮದ ಮೇಲೆ ನೇರ ಕೂತರೆ ಹತ್ತು ನಿಮಿಷದಲ್ಲಿ ನಡುಕ ಶುರುವಾಗುತ್ತದೆ. ದಾರಿಯಲ್ಲಿ ಹೋಗುತ್ತಿದ್ದ ಒಬ್ಬರು ಲಿಫ್ಟಿನವರಿಗೆ ತಿಳಿಸಿದರು. ಗಸ್ತಿನವರು ಜಾರುಗಾಡಿ ತಂದು ಇಳಿಸಿದರು.

ಶ್ರೀನಗರದಲ್ಲಿ ತೆಗೆದ ಎಕ್ಸ್‌ರೇಯಲ್ಲಿ ಮುರಿತವಿರಲಿಲ್ಲ. ನಾಲ್ಕು ಹೆಜ್ಜೆಯೂ ಭಾರ ಹಾಕಿ ನಡೆಯಲಾಗದ ಮೊಣಕಾಲಿಗೆ ಎಕ್ಸ್‌ರೇ ಬೇಕೇ ಬೇಕು. ಊತ ನಿಧಾನವಾಗಿ, ಒಳಬದಿಯಲ್ಲಿ ಮಾತ್ರ ಬಂತು. ಒಂದೆರಡು ಗಂಟೆಯೊಳಗೆ ಇಡೀ ಮೊಣಕಾಲು ಉಬ್ಬಿದ್ದರೆ ಒಳಗೆ ರಕ್ತ ತುಂಬಿದೆ, ಮುಂದಿನ ಅಡ್ಡ ರಜ್ಜು ಹರಿದಿರಬಹುದು ಎಂಬ ಸಂಶಯ ಬಲವಾಗುತ್ತಿತ್ತು. ಊರಿಗೆ ಮರಳಿ ಮಂಗಳೂರಿನಲ್ಲಿ ಮಾಡಿಸಿದ ಎಂಆರ್‌ಐಯಲ್ಲಿ ಒಳಬದಿಯ ರಜ್ಜು ಅರೆಬರೆ ಹರಿದದ್ದು, ಎರಡನೇ ದರ್ಜೆ, ಅಡ್ಡ ರಜ್ಜು ಸರಿ ಇದೆ ಎಂದು ಬಂತು. ಶಸ್ತ್ರಚಿಕಿತ್ಸೆ ಬೇಕಾಗಲಿಲ್ಲ. ಪ್ರಯಾಣ ವಿಮೆಯ ಅರ್ಜಿ ತಿರಸ್ಕೃತವಾಯಿತು. ಸಾಹಸ ಕ್ರೀಡೆಗೆ ರಕ್ಷಣೆ ಇಲ್ಲವೆಂಬ ಸಾಲು ಪಾಲಿಸಿಯೊಳಗಿತ್ತು. ಹೊರಡುವ ಮೊದಲು ಓದಬೇಕಾದ ಸಾಲು ಅದು, ಹೆಚ್ಚು ಕಟ್ಟಿದರೆ ಆ ರಕ್ಷಣೆ ಸೇರಿಸಿಕೊಡುವ ಪಾಲಿಸಿಗಳಿವೆ.

ಪ್ರಕರಣದಿಂದ ತಿಳಿಯುವುದು

ಬೆಳಗ್ಗಿನ ಪರೀಕ್ಷೆ ಮಧ್ಯಾಹ್ನಕ್ಕೆ ಸಲ್ಲುವುದಿಲ್ಲ. ಮಿತಿ ಎಂಬುದು ಮನುಷ್ಯನೊಬ್ಬನದಲ್ಲ. ಆ ಹೊತ್ತಿನ ಹಿಮ, ಬೆಳಕು, ಬೂಟು, ತೊಡೆಯ ಆಯಾಸ ಎಲ್ಲ ಸೇರಿದ್ದು. ಸಣ್ಣ ಭಾವ ನಾಲ್ಕು ಸಲ ಇಳಿದ ಇಳಿಜಾರೇ ಮೂರೂ ಮುಕ್ಕಾಲಿಗೆ ಅವರ ಮಟ್ಟಿಗೆ ಹೊಸದು. ಇಳಿಯುವ ಮೊದಲು ಅಲ್ಲೇ ಅಂಚಿನಲ್ಲಿ ಎರಡು ಮೀಟರ್ ಸೈಡ್‌ಸ್ಲಿಪ್ ಮಾಡಿದ್ದರೆ ಪದರ ಒಡೆಯುವುದು ಕಾಲಿಗೇ ತಿಳಿಯುತ್ತಿತ್ತು. ಅಂಥ ಹಿಮದಲ್ಲಿ ಸ್ನೋಪ್ಲೌ ಹಾಕಬಾರದು. ಒಳ ಅಂಚುಗಳೆರಡೂ ಎದುರುಬದುರು ಹುಗಿದು ಮೊಣಕಾಲನ್ನು ಒಳಕ್ಕೆ ಎಳೆಯುತ್ತವೆ. ಎರಡೂ ಸ್ಕೀ ಒಟ್ಟಿಗಿಟ್ಟು, ಅಡ್ಡ ಸಾಗಿ, ತಿರುಗಲಾಗದಿದ್ದರೆ ನಿಂತು ಕಾಲೆತ್ತಿ ತಿರುಗಿಸುವ ಕಿಕ್ ಟರ್ನ್ ಹಾಕಿ ಇಳಿಯುವುದು ಕ್ಷೇಮ.

ತಂಡದಲ್ಲಿ ಮುಂದೆ ಹೋಗುವವರನ್ನು ನೋಡಿಕೊಳ್ಳುವವರು ಯಾರೂ ಇರುವುದಿಲ್ಲ. ಔಲಿಯ ತರಬೇತಿ ಒಳ್ಳೆಯದೇ, ಆದರೆ ನಡುವೆ ಎರಡು ವರ್ಷ ಸ್ಕೀ ಮುಟ್ಟಿರಲಿಲ್ಲ. ದಿನದ ಮೊದಲ ಸುತ್ತಿನಲ್ಲಿ ಎಲ್ಲರೂ ಒಂದೇ ಪರೀಕ್ಷೆ ಕೊಡುವುದು ಎಂದಿಟ್ಟ ತಂಡದಲ್ಲಿ ಇದು ಬೇಗ ಕಾಣುತ್ತದೆ. ಇನ್ನು ಆ ‘ಒಂದೇ ಒಂದು ಸಲ’ದ ವಿಚಾರ. ನಿಲ್ಲಿಸುವ ಗಂಟೆಯನ್ನು ಬೆಳಗ್ಗೆಯೇ, ಲಿಫ್ಟು ಹತ್ತುವ ಮೊದಲೇ ಹೇಳಿಕೊಂಡರೆ ಮಧ್ಯಾಹ್ನ ಭಾವನಿಗೆ ಭಾವ ಬೇಡ ಎನ್ನಬೇಕಾದ ಪ್ರಸಂಗ ಬರುವುದಿಲ್ಲ.

ಜಾರತೊಡಗಿದಾಗ ಏನು ಮಾಡಬೇಕೆಂಬುದನ್ನು ಬಟ್ಟಲಿನಲ್ಲೇ ಕಲಿತಿರಬೇಕು. ಸ್ಕೀ ಕಾಲಲ್ಲಿದ್ದರೆ ಕಾಲನ್ನು ಕೆಳಗಿನ ದಿಕ್ಕಿಗೆ ತಂದು, ಸ್ಕೀ ಅಡ್ಡ ಮಾಡಿ ಅಂಚು ಒತ್ತುವುದು. ಕಳಚಿದ್ದರೆ ಹೊಟ್ಟೆ ಮೇಲೆ ಮಗುಚಿ, ಕಾಲು ಕೆಳಗೆ ಮಾಡಿ, ಅಂಗೈ ಮತ್ತು ಬೂಟಿನ ತುದಿ ಊರಿ ಮೈಯನ್ನು ಹಿಮದಿಂದ ಎತ್ತುವುದು. ಪೂರ್ತಿ ನಿಲ್ಲುವವರೆಗೆ ಏಳಲು ಹೋಗಬಾರದು. ಹಿಂದಕ್ಕೆ ಕೂತ ಭಂಗಿಯಲ್ಲಿ, ಸೊಂಟ ಮೊಣಕಾಲಿಗಿಂತ ಕೆಳಗಿರುವಾಗ ಏಳಲು ಮಾಡುವ ಯತ್ನದಲ್ಲೇ ಎಷ್ಟೋ ಅಡ್ಡ ರಜ್ಜು ಹರಿಯುತ್ತವೆ.

ಎತ್ತರದ ಮಾತೂ ಸ್ವಲ್ಪ ಇದೆ. ಸಮುದ್ರಮಟ್ಟದಿಂದ ಹೊರಟು ಮರುದಿನವೇ 2,650 ಮೀಟರ್‌ನಲ್ಲಿ ಮಲಗಿದ್ದರಿಂದ ಮೊದಲೆರಡು ದಿನ ಮೇಷ್ಟ್ರಿಗೆ ತಲೆನೋವು, ನಿದ್ದೆ ಇಲ್ಲ. ಮೊದಲ ದಿನ ಸ್ಕೀ ಮುಟ್ಟದೆ ನಡೆದಾಡುವುದು, ನೀರು ಧಾರಾಳ ಕುಡಿಯುವುದು, ತಲೆನೋವಿನ ಜೊತೆ ವಾಂತಿಯೋ ತೂರಾಟವೋ ಬಂದರೆ ಇಳಿಯುವುದು.

ತಯಾರಿ ಊರಲ್ಲೇ ಆಗಬಹುದು, ಆರರಿಂದ ಎಂಟು ವಾರ ಬೇಕು. ಮರ ಏರುವ ಕಾಲಿಗೆ ಮೇಲಕ್ಕೆ ಒತ್ತುವ ಶಕ್ತಿ ಇದೆ. ಸ್ಕೀಗೆ ಬೇಕಾದದ್ದು ಭಾರ ಹೊತ್ತುಕೊಂಡು ನಿಧಾನವಾಗಿ ಮಡಚುವ ಶಕ್ತಿ. ಮನೆಯ ಜಗಲಿಯ ಮೆಟ್ಟಿಲ ಮೇಲೆ ಒಂದು ಕಾಲಲ್ಲಿ ನಿಂತು, ಇನ್ನೊಂದು ಹಿಮ್ಮಡಿ ನೆಲಕ್ಕೆ ತಾಗುವಷ್ಟು ನಾಲ್ಕು ಎಣಿಸುತ್ತ ಇಳಿಸಿ ಮತ್ತೆ ಏರುವುದು, ಹನ್ನೆರಡರಂತೆ ಮೂರು ಸುತ್ತು, ಬಾರದ ಕಾಲಿಗೆ ಒಂದು ಸುತ್ತು ಹೆಚ್ಚು. ಗೋಡೆಗೆ ಬೆನ್ನು ಒರಗಿಸಿ ಕುರ್ಚಿಯಿಲ್ಲದೆ ಕೂರುವುದು, ಒಂದು ನಿಮಿಷದಿಂದ ಶುರು. ಮೊಣಕಾಲು ಹೆಬ್ಬೆರಳಿಗಿಂತ ಒಳಗೆ ಬೀಳದಂತೆ ಕನ್ನಡಿಯ ಮುಂದೆ ಮಾಡಿದರೆ ಒಳ್ಳೆಯದು. ದೊಡ್ಡ ಭಾವ ಈಗ ಮಾಡುತ್ತಿರುವುದು ಇದನ್ನೇ, ಎಡಗಾಲಿಗೆ ಒತ್ತು ಕೊಟ್ಟು.

ಸಣ್ಣ ಭಾವ ಆರು ವಾರ ಕೀಲುಪಟ್ಟಿ ಹಾಕಿಕೊಂಡಿದ್ದರು. ಮೊದಲ ವಾರದಿಂದಲೇ ತೊಡೆಯ ಸ್ನಾಯು ಬಿಗಿಹಿಡಿಯುವ ವ್ಯಾಯಾಮ, ನೋವಿಲ್ಲದಷ್ಟು ಮಡಚುವುದು, ಆಮೇಲೆ ಸೈಕಲ್. ಹಿಮಕ್ಕೆ ಮರಳಲು ಅಕ್ಕ ಹಾಕಿದ ಲೆಕ್ಕ ಒಂದು: ಪೆಟ್ಟಾದ ಕಾಲೊಂದರಲ್ಲೇ ಹಾರಿದ ದೂರ ಇನ್ನೊಂದು ಕಾಲಿನ ದೂರದ ಶೇ 90ಕ್ಕೆ ಮುಟ್ಟಬೇಕು. ನಾಲ್ಕನೇ ತಿಂಗಳ ಅಳತೆಯಲ್ಲಿ ಅದು ಶೇ 84 ಇತ್ತು.